ಅರೆಕಾಲು ಇಂಚು

ಕಾಗದ ಬಂದದ್ದು ಮಂಗಳವಾರ, ಕರೆಂಟು ಬಿಲ್ಲಿನ ಜೊತೆಗೆ.
ಎಲ್ಸಿ ಲಾಹ್ಟಿ, ಮೂರನೇ ತರಗತಿ.
ಮುಂದಿನ ಗಣಿತದ ಗುಂಪಿಗೆ ಬೇಕಿದ್ದದ್ದು ತೊಂಬತ್ತೇಳು,
ಬಂದದ್ದು ತೊಂಬತ್ತಾರು.
ಅಂದರೆ, ಎಂದಳು ಕಾರ್ಲಾ, ಮೇಜಿನ ಮೇಲೆ ಅದನ್ನು ಹರವಿ,
ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ
ತೊಂಬತ್ತಾರು ಮಂದಿ ನಮ್ಮವಳ ಹಿಂದೆ.
ಆದರೂ ಬಾಗಿಲು ಹಾಕಿದ್ದಾರೆ
ಸರಿಯಾಗಿ ಅವಳ ಮೂಗಿನ ತುದಿಗೆ.

ನಾನು ಸುಮ್ಮನಿದ್ದೆ.
ಇಪ್ಪತ್ತೆರಡು ವರ್ಷದಿಂದ ಈ ಡುಲೂತ್ ಊರಲ್ಲಿ
ಕಿಟಕಿಗೆ ಗಾಜು ಕೂರಿಸುವವನು.
ಕೂದಲೆಳೆ ಹೆಚ್ಚಾದರೂ ಚೌಕಟ್ಟಿಗೆ ಇಳಿಯದು ಗಾಜು,
ಅತ್ತರೂ ಇಳಿಯದು, ಅರ್ಜಿ ಗುಜರಾಯಿಸಿದರೂ.
ಗೆರೆ ಅಂದರೆ ಗೆರೆ ಎಂದು ನಂಬಿಯೇ ಹೊಟ್ಟೆ ಹೊರೆದವನು
ಒಂದು ಅಂಕಕ್ಕೆ ಯಾವ ಬಾಯಲ್ಲಿ ಜಗಳ ಆಡಲಿ?

ಆಡಿದವಳು ಕಾರ್ಲಾ.
ಪುಟ್ಟ ಕುರ್ಚಿಗಳು, ಮೊಣಕಾಲು ಗದ್ದಕ್ಕೆ ತಾಗುವಷ್ಟು.
ಎದುರಿಗೆ ಮಿಸೆಸ್ ಪ್ರೂಯಿಟ್, ಕೈಯಲ್ಲಿ ಫೈಲು.
ಪರೀಕ್ಷೆಯ ದಿನ ಮಗುವಿಗೆ ಕಿವಿನೋವು.
ಹೌದಾ, ಪಾಪ.
ಥೇಯರ್ ಮನೆಯ ಹುಡುಗನಿಗೆ ಬೇಸಿಗೆಯಿಡೀ ಟ್ಯೂಷನ್,
ಗಂಟೆಗೆ ಎಂಬತ್ತು ಡಾಲರು.
ಅದು ನಮ್ಮ ಗಮನಕ್ಕೆ ಬರುವ ವಿಷಯವಲ್ಲ.
ಮತ್ತೆ ಪರೀಕ್ಷೆ ಯಾವಾಗ?
ಐದನೇ ತರಗತಿಯ ಹೊಸ್ತಿಲಲ್ಲಿ.
ಅಷ್ಟರಲ್ಲಿ ಆ ಮಕ್ಕಳು ಎಲ್ಲಿಗೆ ಹೋಗಿರುತ್ತಾರೆ!
ಕಾರ್ಲಾಳ ದನಿ ಒಡೆಯಿತು.
ಪ್ರೂಯಿಟ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.
ಹೊರಗೆ ಬೆಂಚಿನ ಮೇಲೆ ಇನ್ನೂ ಆರು ಜೋಡಿ ಅಪ್ಪ ಅಮ್ಮ,
ಮಡಿಲಲ್ಲಿ ಒದ್ದೆ ಕೋಟು, ಕೈಯಲ್ಲಿ ಅದೇ ಕಾಗದ.
ಮೇಲ್ಮನವಿಯ ಅರ್ಜಿ ಇದೆ, ಅಂದರು. ಇಬ್ಬರ ಸಹಿ ಬೇಕು.

ಕಾರಿನಲ್ಲಿ ಅವಳು ಕೇಳಿದಳು,
ಒಂದು ಮಾತಾದರೂ ಆಡಬಾರದಿತ್ತೇ?
ಆ ಕೋಣೆಯ ಕಿಟಕಿಗೆ ಪುಟ್ಟಿ ಒಣಗಿ ಉದುರುತ್ತಿದೆ, ಅಂದೆ.
ಆಮೇಲೆ ಮನೆಯೊಳಗೂ ಹಿಮ.
ಉಪ್ಪು ಎಲ್ಲಿ ಎನ್ನುವುದನ್ನೂ ಎಲ್ಸಿಯ ಮೂಲಕವೇ ಕೇಳಬೇಕಾಯಿತು.

ಫೆಬ್ರವರಿಯಲ್ಲಿ ಯಾರೋ ಹಿಮದುಂಡೆಯೊಳಗೆ ಕಲ್ಲಿಟ್ಟು ಎಸೆದರು.
ಹದಿನಾಲ್ಕನೇ ಕೋಣೆ. ಶಾಲೆಯಿಂದ ನನಗೇ ಫೋನು.
ಏಣಿ ಹತ್ತಿ ಅಳತೆ ತೆಗೆಯುವಾಗ
ರಟ್ಟು ಸರಿಸಿದ ಖಾಲಿ ಚೌಕಟ್ಟಿನಿಂದ ಕಂಡಿತು ಆ ಗುಂಪು:
ಕೋಟು ತೊಟ್ಟೇ ಕೂತ ಹನ್ನೊಂದು ಮಕ್ಕಳು.
ಥೇಯರ್ ಮನೆಯ ಹುಡುಗ ಅಂಗಿ ತೋಳನ್ನು ಅಗಿಯುತ್ತಿದ್ದ,
ಬಟ್ಟೆ ಒದ್ದೆಯಾಗಿ ಕಪ್ಪಾಗುವಷ್ಟು.
ಒಂದು ಕುರ್ಚಿಯ ಮೇಲೆ ಯಾರೂ ಇರಲಿಲ್ಲ;
ಯಾರದೋ ಟೋಪಿ ಇತ್ತು.

ಸಂಜೆ ಗ್ಯಾರೇಜಿನಲ್ಲಿ
ಟೇಪಿನ ಇನ್ನೊಂದು ತುದಿ ಹಿಡಿದಳು ಎಲ್ಸಿ.
ಅಪ್ಪಾ, ಚೌಕಟ್ಟು ಮೂವತ್ತು ಅಂತ ಬರೆದಿದ್ದೀಯ,
ಗಾಜಿಗೆ ಯಾಕೆ ಗೆರೆ ಇಲ್ಲಿ? ಅರೆಕಾಲು ಇಂಚು ಕಮ್ಮಿ ಇದೆ.
ಬೇಕಂತಲೇ, ಅಂದೆ. ಬಿಸಿಲಿಗೆ ಗಾಜು ಹಿಗ್ಗುತ್ತೆ,
ಚಳಿಗೆ ಮರ ಬಿಗಿಯುತ್ತೆ.
ಜಾಗ ಬಿಡದಿದ್ದರೆ
ಚೌಕಟ್ಟೇ ಅದನ್ನು ಒಡೆದುಹಾಕುತ್ತೆ.
ಒಂದೇ ಕಡೆ ಬಿಡ್ತೀಯ?
ಇಲ್ಲ ಪುಟ್ಟಾ, ಎರಡು ಕಡೆಗೂ ಹಂಚಿ.
ಹಾಗಾದರೆ ಒಂದೊಂದು ಕಡೆ ವೀಸ, ಅಂದಳು,
ಬೆರಳು ಮಡಿಸಲಿಲ್ಲ, ಮೇಲೆ ನೋಡಲಿಲ್ಲ,
ಮೂಗು ಒರೆಸಿಕೊಂಡಷ್ಟು ಸಲೀಸಾಗಿ.

ಗಾಜು ಕೊಯ್ಯುವ ಚಕ್ರ ನನ್ನ ಕೈಯಲ್ಲೇ ಉಳಿಯಿತು.
ಇಪ್ಪತ್ತೆರಡು ವರ್ಷ ಪ್ರತಿ ಚೌಕಟ್ಟಿಗೂ ನಾನೇ ಬಿಟ್ಟ ಜಾಗ;
ಆ ಪುಟ್ಟ ಕುರ್ಚಿಯಲ್ಲಿ ಕೂತಾಗ
ಅದೊಂದು ನೆನಪಿಗೆ ಬರಲಿಲ್ಲವಲ್ಲ.

ಬೂಟು ಬಿಚ್ಚದೆ ಅಡುಗೆಮನೆಗೆ ಹೋದೆ.
ಆ ಅರ್ಜಿ ಎಲ್ಲಿದೆ, ಸಹಿ ಹಾಕ್ತೀನಿ.
ಫ್ರಿಜ್ಜಿನ ಮೇಲೆ, ಅಂದಳು ಕಾರ್ಲಾ,
ತಟ್ಟೆ ತೊಳೆಯುವುದನ್ನು ನಿಲ್ಲಿಸದೆ.
ನಿನ್ನೆಗೆ ಗಡುವು ಮುಗಿಯಿತು.